ಇನ್ನೊಂದು ದಿಂಬು

ಚಳಿಗಾಲ, ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಬೆಂಚುಗಳಲ್ಲಿ ಆಗಲೇ ಜನ ಮುದುಡಿ ಕೂತಿದ್ದಾರೆ. ಆಯಾ ನೆಲ ಒರೆಸಿ, ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ, ಪಕ್ಕದ ಮೇಜಿನ ಮೇಲೆ ಹಳೆ ಬಟ್ಟೆ ತುಂಬಿ ಹೊಲಿದ ಪುಟ್ಟ ದಿಂಬು ಇಡುತ್ತಾರೆ. ಊರಿಗೆಲ್ಲ ಇವರು ದಿಂಬಿನಕ್ಕ.

ವೈದ್ಯರು ಬರುವಷ್ಟರಲ್ಲಿ ಬಂದವರ ಬಿಪಿ ನೋಡಿಡುವುದು ಇವರ ಕೆಲಸ. ಕೆಲಸ ಅನ್ನುವುದಕ್ಕಿಂತ ದಿನಬೆಳಗಾದರೆ ಗುದ್ದಾಟ.

“ಕಾಲ ಮೇಲೆ ಕಾಲು ಬೇಡ ಯಜಮಾನ್ರೇ, ಇಳಿಸಿ. ಬೆನ್ನು ಒರಗಿಸಿ. ಕೈ ದಿಂಬಿನ ಮೇಲೆ, ಎದೆ ಮಟ್ಟಕ್ಕಿರ್ಲಿ. ಮಾತಾಡ್ಬೇಡಿ.”

“ಮಾತಾಡಿದ್ರೂ ಏರುತ್ತಾ ಅಕ್ಕ?”

“ಏರುತ್ತೆ. ನೀವು ಬಾಯಿ ಮುಚ್ಚಿದ್ರೆ ನಂದೂ ಇಳಿಯುತ್ತೆ.”

ಬೆಂಚು ನಗುತ್ತದೆ. ಅಕ್ಕನಿಗೆ ನಗುವಷ್ಟು ತ್ರಾಣವಿಲ್ಲ. ಬಗ್ಗಿ ಬಗ್ಗಿ ಸೊಂಟ ಸೋತಿದೆ. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿದೆ. ಹಿಂದೆ ಇದ್ದ ಹಿರಿಯ ನರ್ಸಮ್ಮ ಕಲಿಸಿಕೊಟ್ಟ ಪಾಠ ಅದು: “ಕೈ ಜೋತುಬಿದ್ರೆ ಇಲ್ಲದ ಬಿಪಿ ಕಾಣುತ್ತೆ. ಮೇಲೆತ್ತಿದ್ರೆ ಇರೋ ಬಿಪಿ ಅಡಗಿ ಕೂರುತ್ತೆ.” ಅದನ್ನು ಅಕ್ಕ ಮನೆಯಲ್ಲೂ ಊಟದ ಹೊತ್ತಿಗೆ ಎಷ್ಟೋ ಸಲ ಹೇಳಿದ್ದಾರೆ. ಎದುರಿಗೆ ಹೆಂಡತಿಯ ಜೊತೆ ಕೂತು ಕೇಳುತ್ತಿದ್ದವನು ತಮ್ಮ, ಬಸ್ಸಿನ ಡ್ರೈವರ್. ತಾಯಿ ತೀರಿದ ಮೇಲೆ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ ಕೂಸು.

ಚಳಿ ಶುರುವಾದಾಗ ಅವನ ಡ್ರೈವಿಂಗ್‌ಗೆ ಆರೋಗ್ಯದ ಚೀಟಿ ಬೇಕಾಯಿತು. ಆಸ್ಪತ್ರೆಗೆ ಬಂದವನು ಚೀಲದಿಂದ ಮನೆಯ ದಿಂಬೊಂದನ್ನು ತೆಗೆದ.

“ಇದೇನೋ?”

“ಇದನ್ನೂ ಕೈ ಕೆಳಗಿಡು. ಮೇಲಕ್ಕೆ ಹೋದ್ರೆ ಇಳಿಯುತ್ತೆ ಅಂತ ನೀನೇ ಹೇಳಿದ್ದಲ್ವಾ.”

“ಇಳಿಯೋದು ಮಿಷನ್ನಲ್ಲಿ ಕಣೋ. ನಿನ್ನ ಮೈಯಲ್ಲಲ್ಲ.”

“ಇದೊಂದು ಸಲ ಅಕ್ಕ. ಸ್ಟೀರಿಂಗ್ ಕಿತ್ಕೊಂಡ್ರೆ ನಾನು ಇನ್ಯಾತಕ್ಕೆ ಬರ್ತೀನಿ?”

ಅಕ್ಕ ಅವನನ್ನು ಸುಮ್ಮನೆ ಕೂರಿಸಿದರು. ದಣಿವಾರಲಿ ಅಂತ ಬಿಟ್ಟರು. ಒಂದೇ ದಿಂಬಿನ ಮೇಲೆ ಕೈಯಿಟ್ಟು ನೋಡಿದರು. ತಡೆದು ಮತ್ತೆ ನೋಡಿದರು. ಕೊಂಚ ಇಳಿಯಿತು, ಸಾಲುವಷ್ಟು ಇಳಿಯಲಿಲ್ಲ. ಇದ್ದದ್ದನ್ನೇ ಬರೆದರು.

“ಊರಿಗೆಲ್ಲ ಅಕ್ಕ, ನನಗೊಬ್ಬನಿಗೆ ಆಯಾ,” ಎಂದು ಅವನು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದ.

ವೈದ್ಯರು ಮಾತ್ರೆ ಬರೆದರು. ಡಿಪೋದವರು ಅವನನ್ನು ಬಸ್ಸಿನಿಂದ ಇಳಿಸಿ, ಬಸ್ಸು ತೊಳೆಸುವ ಉಸ್ತುವಾರಿಗೆ ಹಾಕಿದರು. ಮನೆಯಲ್ಲಿ ಮಾತು ನಿಂತಿತು. ಅಕ್ಕ ಬಡಿಸಿದ ತಟ್ಟೆ ಹಾಗೇ ಆರುತ್ತಿತ್ತು. ಮಾತ್ರೆಯ ಪಟ್ಟಿ ಒಡೆಯದೆ ಕಿಟಕಿಯಲ್ಲೇ ಬಿದ್ದಿತ್ತು. ಅಕ್ಕನ ನಿದ್ದೆ ಕೆಡಿಸಿದ್ದು ಅವನ ಸಿಟ್ಟಲ್ಲ, ಆ ಪಟ್ಟಿ.

“ತಪ್ಪು ಮಾಡಿದೆ ಅಂತ ಅನ್ನಿಸಲ್ವಾ?” ಎಂದು ಯಾರಾದರೂ ಕೇಳಿದರೆ ಅಕ್ಕ ದಿಂಬಿನ ಬಿಚ್ಚಿದ ಹೊಲಿಗೆ ಹಾಕುತ್ತಲೇ ಹೇಳುತ್ತಾರೆ:

“ಸಂಕಟ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ. ಅವನ ಹಿಂದೆ ಒಂದು ಬಸ್ ಜನ ಕೂತಿರ್ತಾರೆ. ಅವರ್ಯಾರೂ ಬೇಡ ಅಂತಿಟ್ಕೊಳ್ಳಿ, ಇವನೊಬ್ಬ ಇದಾನಲ್ಲ. ನನ್ ಮೇಲೆ ಕೋಪ ಮಾಡ್ಕೊಳ್ಳೋಕಾದ್ರೂ ಅವನು ಇರ್ಬೇಕು.”

ಕಳೆದ ಮಂಗಳವಾರ ಬೆಳಗ್ಗೆ ತಮ್ಮ ಪಾತ್ರೆಪಗಡಿ ಗಾಡಿಗೆ ಹೇರಿ ಬೇರೆ ಮನೆಗೆ ಹೊರಟುಹೋದ. ತಿರುಗಿ ನೋಡಲಿಲ್ಲ. ಅವನ ಹೆಂಡತಿ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ಹಿಂದುಳಿದಳು. ಕಿಟಕಿಯಲ್ಲಿದ್ದ ಪಟ್ಟಿಯನ್ನು ಸೆರಗಿನ ಗಂಟಿಗೆ ಸೇರಿಸಿ, ಮೆಲ್ಲಗೆ ಅಂದಳು: “ಇದನ್ನ ನಾನು ನುಂಗಿಸ್ತೀನಿ ಅತ್ತಿಗೆ. ನೀವು ಕೆಲಸಕ್ಕೆ ಹೋಗಿ.”