ಆಚೆ ದಡದ ಹಳ್ಳಿ

ಕಳೆದ ಭಾನುವಾರ ವಲ್ಲಾರ್ಪಾಡಂನ ಕ್ರೇನುಗಳು ಕಾಣುವ ದೋಣಿಕಟ್ಟೆಯಲ್ಲಿ ನಿಂತಿದ್ದೆ. ದೋಣಿಯವನು ಎಸೆದ ಹಗ್ಗ ನನ್ನ ಕಾಲ ಬಳಿ ಬಿತ್ತು. ಒದ್ದೆ ನಾರು, ಗ್ರೀಸು, ಸ್ವಲ್ಪ ಕೆಸರು… ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೊಚ್ಚಿಯಲ್ಲಿರಲಿಲ್ಲ. ಜಾಂಬಿಯಾದ ಒಂದು ನದಿಯ ಈಚೆ ದಡದಲ್ಲಿ, ಟೀಚರ್ ಪಕ್ಕದಲ್ಲಿದ್ದೆ.

ತಿರುವನಂತಪುರದಲ್ಲಿ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನು ಅವರ ಮನೆಯ ಮಹಡಿಯಲ್ಲಿದ್ದೆ. ಬೀದಿಯವರೆಲ್ಲ ಅವರನ್ನು ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು 'ಮೋಳೇ', ಅಂದರೆ ಮಗಳೇ. ಅಪ್ಪನ ಸರ್ಕಾರಿ ಕೆಲಸದಿಂದಾಗಿ ಬಾಲ್ಯವನ್ನು ಕಾಸರಗೋಡಿನಲ್ಲಿ ಕಳೆದವರು. ನನ್ನ ಊರಿನ ಕನ್ನಡ ಅವರ ಬಾಯಲ್ಲಿ ಮಲಯಾಳದ ಒಗ್ಗರಣೆಯೊಂದಿಗೆ ಉಳಿದಿತ್ತು. ಆ ಕಾಲದ ಅನೇಕ ಮಲಯಾಳಿ ಅಧ್ಯಾಪಕರಂತೆ, ಮದುವೆಯಾದ ಹೊಸತರಲ್ಲಿ ಗಂಡನೊಂದಿಗೆ ಜಾಂಬಿಯಾಕ್ಕೆ ಹೋಗಿ, ಹಳ್ಳಿಯ ಮಿಷನ್ ಶಾಲೆಯಲ್ಲಿ ಆರು ವರ್ಷ ಕಲಿಸಿದ್ದರು. ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಚರ್ಚಿನಿಂದ ಐದು ಜನರ ತಂಡ ಅಲ್ಲಿಗೆ ಹೊರಟಾಗ, ಭಾಷೆ ಬಲ್ಲವರೆಂದು ಅವರನ್ನು ಕರೆದರು. ವರದಿ ಬರೆಯಲು ಒಬ್ಬಳಿರಲಿ ಎಂದು ಅವರು ನನ್ನನ್ನು ಸೇರಿಸಿದರು.

ನಮ್ಮ ಕೊನೆಯ ದಿನ ಐದು ಹಳ್ಳಿಗಳಿಗೆ ಹೋಗಬೇಕಿತ್ತು. ಓದುವ ಕನ್ನಡಕಗಳು ಮತ್ತು ಹಾಡಿನ ಪುಸ್ತಕಗಳನ್ನು ಹಂಚಿ, ಪ್ರಾರ್ಥನೆ ಮಾಡಿ ಬರುವುದು. ಹಿಂದಿನ ಸಂಜೆ ನಾನು ಡೈರಿಯಲ್ಲಿ ಕ್ರಮ ಹಾಕಿದೆ: ಹೆಚ್ಚು ಜನರಿರುವ ಹಳ್ಳಿ ಮೊದಲು, ಕಡಿಮೆ ಜನರದ್ದು ಕೊನೆಗೆ. ಟೀಚರ್ ಪಟ್ಟಿಯನ್ನು ಎರಡು ಸಲ ಓದಿದರು.

"ಮೋಳೇ, ಈ ನದಿಯಾಚೆಯದ್ದನ್ನು ಮೊದಲು ಇಡ್ಲಿಕ್ಕೆ ಆಗ್ತದಾ? ಇಲ್ಲಿಂದ ಹತ್ತಿರವೇ ಅಲ್ವಾ?"

"ಅಲ್ಲಿ ಬರೇ ಮೂವತ್ತನಾಲ್ಕು ಜನ ಟೀಚರ್. ಮೊದಲನೆಯದರಲ್ಲಿ ಇನ್ನೂರು ಮಂದಿ ಉಂಟು. ಸಮಯ ಸಾಲದಿದ್ರೆ ಕಡಿಮೆ ಜನಕ್ಕೇ ಬೇಜಾರಾಗ್ಲಿ. ಹತ್ತಿರದ್ದನ್ನು ವಾಪಸು ಬರುವಾಗ ಮುಗಿಸುವ."

"ಶರಿ ಶರಿ. ನಿನ್ನ ಡೈರಿ ಸ್ವರ್ಗಕ್ಕೆ ಹೋದ್ರೆ ಬಾಗಿಲಲ್ಲಿ ಕೂತ ಪೇತ್ರನಿಗೆ ಪೆನ್ಷನ್ ಕೊಟ್ಟು ಕಳಿಸ್ತಾರೆ ಮಾರಾಯ್ತಿ!"

ನಾನು ನಕ್ಕೆ. ಅವರೂ ನಕ್ಕರು.

ಬೆಳಿಗ್ಗೆ 6:10ಕ್ಕೆ ಹೊರಟೆವು. ಕೆಂಪು ದಾರಿ, ಆನೆಹುಲ್ಲು, ಒಮ್ಮೆ ಪಂಚರ್. ಪ್ರತಿ ಹಳ್ಳಿಯಲ್ಲೂ ಪ್ರಾರ್ಥನೆ ಮುಗಿದ ಮೇಲೆ ಒಂದು ಕ್ರಮವಿತ್ತು. ಅತಿಥಿಗಳು ಹೊರಗೆ ನಿಲ್ಲಬೇಕು. ಒಬ್ಬೊಬ್ಬರಾಗಿ ಹಾಡುತ್ತಾ ಬಂದು ಕೈ ಕುಲುಕುತ್ತಾರೆ, ಕುಲುಕಿದವರು ಅದೇ ಸಾಲಿನ ತುದಿಗೆ ಸೇರಿಕೊಳ್ಳುತ್ತಾರೆ. ಎಲ್ಲರೂ ಎಲ್ಲರ ಕೈ ಮುಟ್ಟುವವರೆಗೆ ಹಾಡು ನಿಲ್ಲದು. ಆಮೇಲೆ ಊಟ. ತಿನ್ನದೆ ಏಳುವಂತಿಲ್ಲ. ಮೊದಲ ಹಳ್ಳಿಗೆ ಒಂದು ಗಂಟೆ ಎಂದು ಬರೆದಿದ್ದೆ, ಮೂರು ಗಂಟೆ ಹಿಡಿಯಿತು. ಟೀಚರ್ ಒಂದು ಕೈಯನ್ನೂ ಅವಸರದಲ್ಲಿ ಬಿಡಲಿಲ್ಲ. ನಾಲ್ಕನೆಯ ಹಳ್ಳಿಯಲ್ಲಿ ಮಾತ್ರ ಒಮ್ಮೆ ಸೂರ್ಯನ ಕಡೆ ನೋಡಿದರು. ನಾನು ಕೈಕುಲುಕುಗಳನ್ನು ಎಣಿಸುತ್ತಿದ್ದೆ. ಐನೂರ ಹನ್ನೆರಡು…

ನದಿಗೆ ಬಂದಾಗ ಸಂಜೆ 6:20. ಹಗ್ಗ ಹಿಡಿದು ಎಳೆಯುವ ತೆಪ್ಪವೊಂದೇ ಅಲ್ಲಿನ ದಾರಿ. ಮೊಸಳೆಗಳ ನದಿಯಾದ್ದರಿಂದ ಸೂರ್ಯ ಮುಳುಗಿದರೆ ತೆಪ್ಪ ಬಿಡುವುದಿಲ್ಲ. ಅಂಬಿಗ ಅದನ್ನು ಆಚೆ ದಡಕ್ಕೆ ಕಟ್ಟಿ, ಬೀಗ ಜಡಿದು ಮನೆಗೆ ಹೋಗಿದ್ದ. ಮರುದಿನ ಬೆಳಗಿನ ಐದಕ್ಕೆ ನಾವು ವಿಮಾನಕ್ಕಾಗಿ ರಾಜಧಾನಿಗೆ ಹೊರಡಬೇಕಿತ್ತು.

ಆಚೆ ದಡದಲ್ಲಿ ಜನ ನಿಂತಿದ್ದರು. ಇಡೀ ಹಳ್ಳಿಯೇ ಇರಬೇಕು. ಬಿಳಿ ಬಟ್ಟೆಗಳಷ್ಟೇ ಕಾಣುತ್ತಿದ್ದವು, ಮುಖಗಳಿಲ್ಲ. ಮಧ್ಯಾಹ್ನದಿಂದ ಕಾಯುತ್ತಿದ್ದಾರಂತೆ ಎಂದ ನಮ್ಮ ಡ್ರೈವರ್, ಅದೇ ಸೀಮೆಯವನು. ಅವರ ಹಾಡು ನೀರಿನ ಮೇಲೆ ಬಂತು. ಹಾಡು ನಿಂತಾಗ ಒಬ್ಬ ಮುದುಕಿ ಬಾಯಿಗೆ ಕೈ ಹಿಡಿದು ಏನೋ ಕೂಗಿದಳು.

"ಏನಂತೆ?" ಎಂದು ಡ್ರೈವರನನ್ನು ಕೇಳಿದೆ.

ಅವನು ಟೀಚರ ಮುಖ ನೋಡಿ, ಮೆಲ್ಲಗೆ ಹೇಳಿದ. "ಮಗುವಿನ ಜಾಗ ಗುಡಿಸಿ ಇಟ್ಟಿದ್ದೇವೆ ಅಂತಿದ್ದಾಳೆ."

ಟೀಚರ್ ಚಪ್ಪಲಿ ಕಳಚಿ ಮರಳಲ್ಲಿ ಮಂಡಿಯೂರಿದರು. ಆ ಸೀಮೆಯ ಹೆಂಗಸರು ಕೃತಜ್ಞತೆ ಹೇಳುವ ಹಾಗೆ, ಅಂಗೈಗಳನ್ನು ಬೊಗಸೆಯಂತೆ ಬಾಗಿಸಿ ನಿಧಾನಕ್ಕೆ ಚಪ್ಪಾಳೆ ತಟ್ಟಿದರು. ಆಚೆಯಿಂದ, ಚೂರು ತಡವಾಗಿ, ಅದೇ ಚಪ್ಪಾಳೆ ಬಂತು. ಬಿಳಿ ಬಟ್ಟೆಗಳೂ ಕಾಣದಾಗುವವರೆಗೆ ಹಾಗೇ ನಡೆಯಿತು.

ವಾಪಸು ಬರುವಾಗ ಜೀಪಿನಲ್ಲಿ ಕೇಳಿದೆ. "ಎಂತಕ್ಕೆ ಹೇಳ್ಲಿಲ್ಲ ಟೀಚರ್?"

"ಎಂತ ಹೇಳುದು? ಹೆಣ್ಣುಮಗು, ಒಂಬತ್ತು ತಿಂಗಳು. ಮಲೇರಿಯಾ. ಅಲ್ಲೇ ಮಣ್ಣು ಮಾಡಿದ್ದು. ಆ ಹೆಂಗಸು ಅದನ್ನು ಎತ್ತಿ ಆಡಿಸ್ತಿದ್ದವಳು." ಚಪ್ಪಲಿಯ ಮರಳು ಕೊಡವಿದರು. "ನಮ್ಮನ್ನು ಚರ್ಚಿನವರು ಕಳಿಸಿದ್ದು ಮೋಳೇ. ಇನ್ನೂರು ಜನರನ್ನು ಕಾಯಿಸಿ ನನ್ನ ಮಗುವನ್ನು ಮೊದಲು ಅಂತ ಹೇಳ್ಲಿಕ್ಕೆ ನಾಲಗೆ ಬರ್ಲಿಲ್ಲ. ಮುಂದಿನ ಸಲ ನೋಡುವ. ನೀನು ಅಳ್ಬೇಡ, ಬರೆದದ್ದೆಲ್ಲ ಅಳಿಸಿ ಹೋದೀತು."

ಮುಂದಿನ ಸಲ ಬರಲಿಲ್ಲ. ಮೊದಲು ಅವರ ಮಂಡಿನೋವು, ಆಮೇಲೆ ಹೃದಯ… ನಾನು ಕೆಲಸ ಬದಲಿಸಿ ಕೊಚ್ಚಿ ಪಕ್ಕದ ಕಳಮಶ್ಶೇರಿಗೆ ಬಂದೆ. ಫೋನಿನಲ್ಲಿ ಆ ಸಂಜೆಯ ವಿಷಯ ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಆ ಪಟ್ಟಿಯನ್ನು ಎಷ್ಟೋ ಸಲ ಬೇರೆ ಕ್ರಮದಲ್ಲಿ ಬರೆದು ನೋಡಿದ್ದೇನೆ. ನದಿಯಾಚೆಯದ್ದನ್ನು ಮೊದಲು ಇಟ್ಟರೆ ಕತ್ತಲಾಗುತ್ತದೆ, ಆದರೆ ಐದೂ ಮುಗಿಯುತ್ತವೆ.

ಟೀಚರ್ ಹೋಗಿ ಏಳು ತಿಂಗಳಾಯಿತು. ತಿರುವನಂತಪುರದ ಚರ್ಚಿನ ಹಿಂದೆ ಗಂಡನ ಪಕ್ಕದಲ್ಲಿ ಮಲಗಿದ್ದಾರೆ.

ಹನ್ನೊಂದು ದಿನಗಳ ಹಿಂದೆ ಆ ಡ್ರೈವರ್ ಫೋನಿಗೆ ಒಂದು ಚಿತ್ರ ಕಳಿಸಿದ. ಹೊಸ ಕಾಂಕ್ರೀಟು, ಕೆಳಗೆ ಅದೇ ಕಂದು ನೀರು. ಜೊತೆಗೆ ಮೂರು ಸಾಲು. ಸೇತುವೆ ಆಯಿತು. ಈಗ ದಾಟಲು ಎರಡೇ ನಿಮಿಷ. ಟೀಚರಿಗೆ ಹೇಳು, ಯಾವ ಹೊತ್ತಿಗೆ ಬಂದರೂ ಸರಿ.

ಅವನಿಗೆ ಸುದ್ದಿ ಗೊತ್ತಿಲ್ಲ. ಹನ್ನೊಂದು ದಿನವೂ ನನ್ನ ಡೈರಿಯಲ್ಲಿ ಕೊನೆಯ ಸಾಲು ಒಂದೇ: ಇವತ್ತೂ ಉತ್ತರ ಬರೆದಿಲ್ಲ.