ಪ್ಯಾರಿಬಿ ಕೂಡಿಟ್ಟ ಕಟ್ಟಿಗೆ

೧೯೮೪ರ ಜನವರಿಯಲ್ಲಿ ಸರಸಂಬಾದ ಮಹಿಳಾ ಮಂಡಳಿಯವರು ಮೊದಲ ಸಲ ವನಭೋಜನಕ್ಕೆ ಹೊರಟರು. ಮೂವತ್ತೆರಡು ಹೆಂಗಸರು, ಜೊತೆಗೆ ಒಬ್ಬ ಗಂಡಸೂ ಇಲ್ಲ. ಕರೆದೊಯ್ಯುವ ಜವಾಬ್ದಾರಿ ಗುರುಶಾಂತಮ್ಮನದು. ಗಂಡ ಶಾಂತಲಿಂಗಪ್ಪ "ಹೋಗು" ಅಂದಿದ್ದ. ಅತ್ತೆ ಮಾತ್ರ ಓಣಿಗೆಲ್ಲ ಕೇಳುವಂತೆ, "ಮನಿಯಾಗ ಉಪ್ಪಿನ ಡಬ್ಬಿ ಎಲ್ಲಿಟ್ಟಾಳ ಅಂತ ನೆನಪಿರಂಗಿಲ್ಲ, ಇಕಿ ಅಡವ್ಯಾಗ ಮಂದಿಗಿ ದಾರಿ ತೋರಸ್ತಾಳಂತ!" ಎಂದಿದ್ದಳು.

ಅದಕ್ಕೇ ಗುರುಶಾಂತಮ್ಮ ನಾಲ್ಕು ದಿನ ಮೊದಲೇ ಹೋಗಿ ದಾರಿ ನೋಡಿ ಬರಬೇಕೆಂದುಕೊಂಡಳು. ಮನೆ ಬಿಡುವುದು ಸುಲಭವಿರಲಿಲ್ಲ. ನಸುಕಿನಲ್ಲೇ ಎದ್ದು ನಲವತ್ತು ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಮಾವನ ಸ್ನಾನಕ್ಕೆ ನೀರು ತೋಡಿಕೊಟ್ಟು, ಹೊಲಕ್ಕೆ ಬುತ್ತಿ ಕಳಿಸಿ, ಮಧ್ಯಾಹ್ನದ ಬೇಳೆಯನ್ನೂ ಬೇಯಿಸಿಟ್ಟ ಮೇಲೆ ಅವಳ ಪಾಲಿಗೆ ಮೂರು ತಾಸು ಉಳಿಯಿತು.

ಅಡವಿ ಬಲ್ಲವಳು ಪ್ಯಾರಿಬಿ. ಐವತ್ತು ದಾಟಿದ ಹೆಂಗಸು. ಹೊಲದಲ್ಲಿ ಕೂಲಿ ಸಿಗದ ದಿನ ಗುಡ್ಡದ ಕುರುಚಲು ಕಾಡಿನಲ್ಲಿ ಒಣಕಟ್ಟಿಗೆ ಆಯುತ್ತಿದ್ದಳು. ಅವಳು ಮುಂದೆ, ಗುರುಶಾಂತಮ್ಮ ಹಿಂದೆ. ಕೈಯಲ್ಲಿ ಮಗನ ನೋಟಬುಕ್ಕಿನಿಂದ ಹರಿದ ಹಾಳೆ. ಮಂಡಿನೋವಿನ ಸುಭದ್ರಾಬಾಯಿ ಏರಬಲ್ಲ ದಾರಿ ಯಾವುದು, ಮೂವತ್ತೆರಡು ಮಂದಿಗೆ ಸಾಲುವ ಬೇವಿನ ನೆರಳು ಎಲ್ಲಿದೆ, ಹಳ್ಳದ ಒರತೆಯ ನೀರು ಕುಡಿಯಲು ಬರುತ್ತದೋ ಇಲ್ಲವೋ, ಎಲ್ಲ ಬರೆದುಕೊಂಡಳು. ಹೆಂಗಸರು ಬಯಲಕಡೆಗೆ ಹೋಗಲು ಮರೆ ಹುಡುಕುವಾಗ ಪ್ಯಾರಿಬಿ ನಕ್ಕಳು.

"ಗಂಡಸೂರು ಬಂದಿದ್ರ ಇದನ್ನ ನೋಡ್ತಿದ್ದಿಲ್ರಿ ಅಮ್ಮಾರ. ತಿರುಗಿ ನಿಂತ್ರ ಅದೇ ಅವರಿಗಿ ಮರಿ."

ಗುರುಶಾಂತಮ್ಮನಿಗೂ ನಗು ತಡೆಯಲಾಗಲಿಲ್ಲ.

ಬೇವಿನ ಮರದ ಹಿಂದೆ, ಚಾಚಿದ ಬಂಡೆಯ ಕೆಳಗೆ, ಒಂದೇ ಅಳತೆಗೆ ಮುರಿದು ಒಟ್ಟಿದ ಕಟ್ಟಿಗೆಯ ರಾಶಿಯಿತ್ತು. ಪ್ಯಾರಿಬಿ ದನಿ ತಗ್ಗಿಸಿದಳು.

"ಇದು ನಂದ್ರಿ. ಮಗಳು ಗೌಸಿಯಾ ಹಡೀಲಾಕ ಬಂದಾಳ. ನಲವತ್ತು ದಿನ ಬಾಣಂತಿಗಿ ನೀರು ಕಾಸಬೇಕಲ್ರಿ. ಮನಿ ಮುಂದ ಇಟ್ರ ಒಬ್ಬೊಬ್ರು ಎರಡೆರಡು ಅಂತ ಇಸಗೊಂಡು ಹೋಗ್ತಾರ, ತಿರುಗಿ ಕೊಡಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ."

"ನಾ ಯಾರಿಗಿ ಹೇಳ್ಲಿ ಬೇ," ಅಂದಳು ಗುರುಶಾಂತಮ್ಮ.

ವನಭೋಜನದ ದಿನ ಎಲ್ಲವೂ ಬರೆದುಕೊಂಡಂತೆಯೇ ನಡೆಯಿತು. ಯಾರೂ ಎಡವಲಿಲ್ಲ, ಯಾರೂ ನೀರಡಿಸಲಿಲ್ಲ. ಅತ್ತೆಯ ಮಾತು ಸುಳ್ಳಾಯಿತು ಎಂದು ಗುರುಶಾಂತಮ್ಮನ ನಡಿಗೆಯೇ ಬದಲಾಗಿತ್ತು. ಬೇವಿನ ಕೆಳಗೆ ಮೂರು ಕಲ್ಲು ಹೂಡಿ, ಅನ್ನಕ್ಕೆ ಪಾತ್ರೆ ಇಟ್ಟಾಯಿತು.

"ಕಟ್ಟಿಗಿ ಎಲ್ಲದ ಬೇ?" ಎಂದಳು ಸುಭದ್ರಾಬಾಯಿ.

ಗುರುಶಾಂತಮ್ಮ ಹಾಳೆ ಬಿಚ್ಚಿ ನೋಡಿದಳು. ಹಾಳೆಯಲ್ಲಿ ಕಟ್ಟಿಗೆ ಇರಲಿಲ್ಲ. ಹದಿನಾರು ವರ್ಷ ಒಲೆಯ ಮುಂದೆ ಕೂತವಳು ಕಟ್ಟಿಗೆಯನ್ನು ಮರೆತಿದ್ದಳು. ಅವರ ಮನೆಯಲ್ಲಿ ಕಟ್ಟಿಗೆ ಹಿತ್ತಲಲ್ಲಿ ಇದ್ದೇ ಇರುತ್ತಿತ್ತು. ಯಾರೋ ಆಯ್ದು, ಯಾರೋ ಹೊತ್ತು ತಂದು, ಯಾರೋ ಸೀಳಿ ಒಟ್ಟುತ್ತಿದ್ದರು. ಅದು ತರಬೇಕಾದ ವಸ್ತು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಅಷ್ಟರಲ್ಲಿ ಬಂಡೆಯ ಕಡೆಗೆ ಹೋಗಿದ್ದ ಇಬ್ಬರು ತೆಕ್ಕೆ ತುಂಬ ಕಟ್ಟಿಗೆ ತಂದು ಸುರಿದರು.

"ಅಯ್ಯ ಶಿವನ! ಕಟ್ಟಿಗಿ ಸೈತ ಮುರದು ಒಟ್ಟಿಟ್ಟಾಳ ನೋಡ್ರಿ! ಗುರುಶಾಂತಾ, ಅಗದಿ ಶಾಣ್ಯಾಕಿ ಇದ್ದಿ ಬಿಡು. ನಿಮ್ಮತ್ತಿ ನಿನ್ನ ಬೆಲಿ ತಿಳಕೊಂಡಿಲ್ಲ."

ಸುಮ್ಮನಿದ್ದರೆ ಇನ್ನೊಂದು ಮಾತಾಗಿತ್ತು. ಗುರುಶಾಂತಮ್ಮ ನಕ್ಕು, "ಹೂಂ, ಬೇಕಾಗ್ತದಂತ ಇಟ್ಟಿದ್ದೆ" ಎಂದಳು.

ಒಂದು ಹೊರೆ ಸಾಕಿತ್ತು. ಆದರೆ ಪುಕ್ಕಟೆ ಕಟ್ಟಿಗೆ, ಮನೆಯ ಹಾಗೆ ಕೈ ಹಿಡಿದು ಉರಿಸಬೇಕಿಲ್ಲ. ಅನ್ನವಾಯಿತು, ಸಾರಾಯಿತು, ಎರಡು ಸಲ ಚಹಾ ಆಯಿತು. ಹಾಡಿಗೆ ಬೆಂಕಿ ಚೆಂದ ಎಂದು ಉಳಿದದ್ದನ್ನೂ ಒಟ್ಟಿದರು. ಗುರುಶಾಂತಮ್ಮ ತಾನೂ ಒಂದು ಕೊಳ್ಳಿಯನ್ನು ಒಳಗೆ ನೂಕಿದಳು.

ಊಟ ಮುಗಿಯುವಾಗ ಪ್ಯಾರಿಬಿ ಬಂದಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಹೆಗಲಲ್ಲಿ ಹಗ್ಗ.

"ವಾಸನಿ ಹಿಡದು ಬಂದಳು ನೋಡು," ಎಂದಳು ಸುಭದ್ರಾಬಾಯಿ. "ಅಲ್ಲೇ ದೂರ ಕೂಡು ಬೇ, ಉಳದದ್ದು ಕೊಡ್ತೇವಿ."

ಪ್ಯಾರಿಬಿ ಬಂಡೆಯ ಕೆಳಗೆ ನೋಡಿದಳು. ಬೂದಿಯನ್ನು ನೋಡಿದಳು. "ಊಟಕ್ಕ ಬಂದಿಲ್ರಿ."

"ಮತ್ಯಾಕ ಬಂದಿ?"

ಅವಳು ಗುರುಶಾಂತಮ್ಮನ ಮುಖ ನೋಡುತ್ತ ನಿಂತಳು. ಹೇಳಬೇಕಾದವರು ಹೇಳಲಿ ಎಂಬಂತೆ. ಗುರುಶಾಂತಮ್ಮ ಗಡಬಡಿಸಿ, ಮನೆಯಿಂದ ತಂದ ನಾಲ್ಕು ಹೋಳಿಗೆ ಎಲೆಯಲ್ಲಿ ಸುತ್ತಿದಳು.

"ತಗೋ ಬೇ, ಮಗಳಿಗಿ ಒಯ್ಯಿ."

ಪ್ಯಾರಿಬಿ ಕೈ ಚಾಚಲಿಲ್ಲ. ಸಿಂಬಿ ತೆಗೆದು, ಸೆರಗು ಎಳೆದುಕೊಂಡು, ಬಂದ ದಾರಿ ಹಿಡಿದಳು.

"ಸೊಕ್ಕು ನೋಡ್ರಿ," ಅಂದರು ಯಾರೋ.

ಗೌಸಿಯಾ ವನಭೋಜನದ ಮರುದಿನವೇ ಹಡೆದಳೆಂದು ಮೂರನೆಯ ದಿನ ತಿಳಿಯಿತು. ಹಿತ್ತಲಿನ ಕಟ್ಟಿಗೆ ಕಳಿಸಬೇಕೆಂದರೆ ಅತ್ತೆಗೆ ಕಾರಣ ಹೇಳಬೇಕು. "ಬಡವಿ, ಮಗಳು ಬಾಣಂತಿ ಅದಾಳ, ಧರ್ಮ ಬರ್ತದ" ಎಂದಳು ಗುರುಶಾಂತಮ್ಮ. ಅತ್ತೆ ಮೊದಲ ಸಲ ಅವಳನ್ನು ಮೆಚ್ಚಿಕೊಂಡಳು. ಬಂಡಿ ಹೂಡುವ ಖಾದರಸಾಬ ಅರ್ಧ ಬಂಡಿ ಕಟ್ಟಿಗೆ ಇಳಿಸಿ ಬಂದ.

ಸಂಜೆ ಗುರುಶಾಂತಮ್ಮ ತಾನೇ ಹೋದಳು. ಒಳಗೆ ಕೂಸು ಅಳುತ್ತಿತ್ತು. ಪ್ಯಾರಿಬಿ ಬಾಗಿಲಲ್ಲಿ ಕೂತು ಹಂಡೆಯ ಮಸಿ ಕೆರೆಯುತ್ತಿದ್ದಳು. ಎರಡು ದಿನ ಮಲಗುವ ಹೊರಸಿನ ಕಾಲು ಮುರಿದು ನೀರು ಕಾಸಿದ್ದಳೆಂದು ಅಲ್ಲಿ ಬಿದ್ದ ಹಗ್ಗದ ಬಲೆ ಹೇಳುತ್ತಿತ್ತು.

"ತಪ್ಪಾತು ಬೇ ನಂದು."

"ಕಟ್ಟಿಗಿ ಬಂತ್ರಿ ಅಮ್ಮಾರ. ಧರ್ಮದ್ದು ಅಂತ ಹೇಳಿ ಇಳಿಸಿ ಹೋದ ಖಾದರಸಾಬ." ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. "ನಂದು ನನಗ ಕೊಡಾಕ ಧರ್ಮ ಯಾಕ್ರಿ? ಹೋಗ್ಲಿ. ಉಳದದ್ದು ತಿನ್ನಾಕ ಅಡವಿತನಕ ಬಂದಿದ್ಳು ಅಂತ ಊರಾಗ ಆಡಾಕತ್ತಾರ. ಮಂಡಳ್ಯಾಗ ಅದೊಂದು ಮಾತು ಹೇಳಿಬಿಡ್ರಿ."

"ಹೇಳ್ತೇನಿ," ಎಂದಳು ಗುರುಶಾಂತಮ್ಮ.

ಹೇಳಲಿಲ್ಲ. ಮುಂದಿನ ಶುಕ್ರವಾರದ ಸಭೆಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅವಳನ್ನೇ ಅಧ್ಯಕ್ಷೆಯಾಗಿ ಆರಿಸಿ ಚಪ್ಪಾಳೆ ತಟ್ಟಿದರು. ಆಮೇಲೆ ಪ್ರತಿವರ್ಷ ದಾರಿ ನೋಡಲು ಅವಳೇ ಹೋದಳು, ಒಬ್ಬಳೇ. ಪ್ರತಿವರ್ಷ ಯಾರಾದರೊಬ್ಬರು ಹೊಸ ಸೊಸೆಯಂದಿರಿಗೆ, "ಮೊದಲ್ನೇ ಸಲ ಕಟ್ಟಿಗಿ ಸೈತ ಒಟ್ಟಿಟ್ಟಿದ್ಳು ನಮ್ಮ ಗುರುಶಾಂತಮ್ಮ" ಎಂದು ಹೇಳುವರು. ಅವಳು ಅನ್ನದ ಪಾತ್ರೆ ಕಡೆ ತಿರುಗುವಳು. ಪ್ಯಾರಿಬಿ ಎದುರಾದರೆ ದಾರಿ ಬಿಟ್ಟು ನಿಲ್ಲುವಳು. ಕೆಲವು ವರ್ಷಗಳಲ್ಲಿ ಪ್ಯಾರಿಬಿ ಮನೆಗೆ ಕೀಲಿ ಹಾಕಿ ಮಗಳ ಊರು ಅಫಜಲಪುರಕ್ಕೆ ಹೊರಟುಹೋದಳು. ಗುರುಶಾಂತಮ್ಮನಿಗೆ ಮೊದಲು ಆದದ್ದು ನಿರಾಳ. ಅದಕ್ಕೂ ನಾಚಿಕೆಪಟ್ಟಳು.

ಎಂಟನೆಯ ವರ್ಷ ಅದೇ ಬೇವಿನ ಕೆಳಗೆ ಅದೇ ಹೊಗಳಿಕೆ ಶುರುವಾದಾಗ ಅವಳು ಎದ್ದು ನಿಂತಳು. ಕಟ್ಟಿಗೆ ಯಾರದು, ಯಾತಕ್ಕೆ ಕೂಡಿಟ್ಟಿದ್ದು, ತಾನು ಏನು ಸುಳ್ಳು ಹೇಳಿದೆ, ಎಲ್ಲ ಹೇಳಿದಳು.

ಹೆಂಗಸರು ಗೊಳ್ಳೆಂದು ನಕ್ಕರು.

"ಇಷ್ಟಕ್ಕ ಮಾರಿ ಸಣ್ಣದು ಮಾಡ್ಕೊಂಡಿ?" ಎಂದಳು ಸುಭದ್ರಾಬಾಯಿ. "ಅಡವಿ ಕಟ್ಟಿಗಿ ಮ್ಯಾಲ ಹೆಸರು ಬರದಿರ್ತದೇನು? ಮ್ಯಾಲ ನೀ ಅರ್ಧ ಬಂಡಿ ಧರ್ಮಾ ಮಾಡಿದಿ. ಕೂಡು, ಚಾ ಆರ್ತದ."

"ಆಕಿ ಉಣ್ಣಾಕ ಬಂದಿದ್ದಿಲ್ಲ," ಎಂದಳು ಗುರುಶಾಂತಮ್ಮ, ಇನ್ನೂ ನಿಂತೇ.

ಸುಭದ್ರಾಬಾಯಿ ಚಹಾದ ಬಸಿಯಿಂದ ತಲೆ ಎತ್ತಿದಳು.

"ಯಾರು?"