ನಾಲ್ಕು ಗಂಟೆಯ ಊಟ

ಚೆನ್ನಯನ ಮೇಲೆ ನನಗೆ ಬಂದಷ್ಟು ಸಿಟ್ಟು ಈ ಮುಂಬೈಯಲ್ಲಿ ಇನ್ಯಾರ ಮೇಲೂ ಬಂದದ್ದಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲಿನಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಅಡುಗೆಯವನು, ನಾನು ಹತ್ತೊಂಬತ್ತು ವರ್ಷದಿಂದ ಗಲ್ಲೆಯಲ್ಲಿ ಕೂತು ದುಡ್ಡು ಎಣಿಸುವವನು. ಚೆನ್ನಯ ದಹಿಸರ್‌ನಿಂದ ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಬರುತ್ತಾನೆ. ಬಂದವನು ಒಲೆ ಹಚ್ಚಿ ಚಹಾ ಕುಡಿದರೆ ಸಂಜೆ ನಾಲ್ಕರ ತನಕ ಚಹಾದ ಮೇಲೆಯೇ ಬದುಕು. ಗಿರಾಕಿಗಳ ಊಟ ಮುಗಿಯದೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಧಣಿ ಹಾಗೆಂದು ಎಂದೂ ಹೇಳಿದವರಲ್ಲ. ಬಡಿಸುವವನು ಕೊನೆಗೆ ಉಣ್ಣಬೇಕು, ಅಷ್ಟೆ.

ರುಚಿ ನೋಡುವ ಪದ್ಧತಿಯೂ ಇಲ್ಲ. ಮೊದಲ ತಟ್ಟೆ ದೇವರ ಫೋಟೋದ ಮುಂದೆ ಇಡುವುದರಿಂದ ಅಡುಗೆ ಎಂಜಲಾಗಬಾರದು. ಸಾಂಬಾರಿನ ಹಬೆ ಮೂಸಿಯೇ ಚೆನ್ನಯ ಉಪ್ಪಿನ ಹದ ಹೇಳುತ್ತಿದ್ದ, ಒಮ್ಮೆಯೂ ತಪ್ಪುತ್ತಿರಲಿಲ್ಲ.

ಕಳೆದ ಮಳೆಗಾಲದಿಂದ ತಪ್ಪತೊಡಗಿತು. ಒಂದು ದಿನ ಉಪ್ಪೇ ಇಲ್ಲ, ಮರುದಿನ ಬಾಯಿಗಿಡಲಾಗದಷ್ಟು. ಗಿರಾಕಿಗಳಿಂದ ಬೈಗುಳ ತಿನ್ನುವವನು ನಾನು. ಹೋಗಿ ಕೇಳಿದರೆ ಅವನು ಗೋಡೆ ನೋಡುತ್ತಿದ್ದ. ಮಾತು ನಿಂತಿತು, ನಗು ಹೋಯಿತು. ಮನೆಯಲ್ಲಿ ನಿದ್ದೆಯೂ ಮಾಡುವುದಿಲ್ಲವೆಂದು ಅವನ ಹೆಂಡತಿ ಅಕ್ಕು ಫೋನಿನಲ್ಲಿ ಅತ್ತಳು. ನಾನು ಸೋಮಾರಿತನ ಎಂದೆ. ದೃಷ್ಟಿಯಾಗಿದೆ ಎಂದು ಧಣಿ ನಿಂಬೆಹಣ್ಣು ನಿವಾಳಿಸಿದರು. ಇನ್ನೊಂದು ಸಲ ತಪ್ಪಿದರೆ ಒಲೆ ಬೇರೆಯವನ ಕೈಗೆ ಎಂದೂ ಹೇಳಿದರು.

ಕೊನೆಗೆ ಅಕ್ಕು ಅವನನ್ನು ದಹಿಸರ್‌ನಲ್ಲೇ ಇರುವ ಡಾಕ್ಟರ್ ವಂದನಾ ಬಳಿಗೆ ಎಳೆದುಕೊಂಡು ಹೋದಳು, ಜೊತೆಗೆ ನನ್ನನ್ನೂ. ಡಾಕ್ಟರು ಡಿಪ್ರೆಶನ್ ಎಂದರು. ಮಾತ್ರೆ ಬರೆದು, ಇದೊಂದೇ ಸಾಲದು, ಹೊತ್ತಿಗೆ ಸರಿಯಾಗಿ ಊಟ, ಒಂದಿಷ್ಟು ಬಿಸಿಲು, ನಡಿಗೆ ಬೇಕು ಎಂದರು. ಖಾಲಿ ಹೊಟ್ಟೆಗೆ ಹದಿನೈದು ಚಹಾ ಸುರಿದರೆ ನಿದ್ದೆ ಎಲ್ಲಿಂದ ಬರಬೇಕು, ಮನಸ್ಸು ಹೇಗೆ ನೆಟ್ಟಗಿರಬೇಕು ಎಂದು ಕೇಳಿದರು. ದಿನಕ್ಕೆ ಆರುನೂರು ಜನರಿಗೆ ಉಣಿಸುವವನಿಗೆ ಊಟ ಮಾಡು ಎಂದು ಚೀಟಿ ಬರೆಸಿಕೊಂಡು ಬಂದೆವು. ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ.

ಹನ್ನೊಂದಕ್ಕೇ ಉಣ್ಣು ಎಂದರೆ ಕೇಳುವವನೇ ಅವನು?

"ಗಿರಾಕಿಗಿಂತ ಮೊದಲು ಉಣ್ಣುದಾ? ನನ್ನಿಂದ ಆಗುದಿಲ್ಲ ಮಾರಾಯ," ಎಂದ.

ಒಂದು ವಾರ ನಾನು ತಟ್ಟೆ ಇಡುವುದು, ಅವನು ಮುಚ್ಚಿಡುವುದು. ಎಂಟನೆಯ ದಿನ ಸಾಂಬಾರು ಮತ್ತೆ ಉಪ್ಪಾಯಿತು. ಮೊದಲ ತಟ್ಟೆ ಸಿಕ್ಕ ದೇವರು ಏನೂ ಹೇಳಲಿಲ್ಲ, ಎರಡನೆಯದು ಸಿಕ್ಕ ಗಿರಾಕಿ ಹೇಳಿದ. ಧಣಿ ಬರಲು ಅರ್ಧ ಗಂಟೆ ಇತ್ತು. ನಾನು ಗಲ್ಲೆಗೆ ಬೀಗ ಹಾಕಿ ಅಡುಗೆಮನೆಗೆ ನುಗ್ಗಿದೆ. ಒಲೆ ಆರಿಸಿ, ಚೆನ್ನಯನ ರಟ್ಟೆ ಹಿಡಿದು ಹೊರಗೆ ತಂದು ಗಿರಾಕಿಗಳ ನಡುವೆ ಕೂರಿಸಿ, ಅನ್ನದ ಮೇಲೆ ಅದೇ ಸಾಂಬಾರು ಸುರಿದೆ. ಅಲ್ಲಿ ಅಕ್ಕು ಅಳುತ್ತಿದ್ದಾಳೆ, ಇಲ್ಲಿ ಕೆಲಸ ಹೋಗುತ್ತಿದೆ, ಒಂದು ತುತ್ತು ಉಣ್ಣಲು ನಿನಗೇನು ರೋಗ ಎಂದು ಎಲ್ಲರೂ ಕೇಳುವಂತೆ ಬೈದೆ. ರೋಗ ಏನೆಂದು ಗೊತ್ತಿದ್ದೂ ಹಾಗೆ ಬೈದೆ.

ಚೆನ್ನಯ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ. ಉಪ್ಪು ಜಾಸ್ತಿ ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಂದು ತುತ್ತು ಉಂಡ. ಆಮೇಲೆ ತಲೆಯೆತ್ತಿ, ಇನ್ನೂ ಬೈಯುತ್ತಲೇ ಇದ್ದ ನನ್ನನ್ನು ನೋಡಿದ.

"ನೀನು ಬೆಳಗ್ಗಿಂದ ಎಂತ ತಿಂದಿದ್ದಿ?"

ಎಂಟು ಚಹಾ ಆಗಿತ್ತು. ನಿನ್ನೆಯೂ ಅಷ್ಟೇ, ಹತ್ತೊಂಬತ್ತು ವರ್ಷದಿಂದ ಅಷ್ಟೇ. ಸಿಟ್ಟು ನನ್ನ ಸ್ವಭಾವ ಎಂದು ಮನೆಯವರು ತಿಳಿದಿದ್ದರು, ನಾನೂ ಹಾಗೆಯೇ ನಂಬಿದ್ದೆ. ಮಕ್ಕಳು ನನ್ನ ಚಪ್ಪಲಿಯ ಸದ್ದಿಗೇ ಒಳಗೆ ಹೋಗುತ್ತಾರೆ.

"ಬೇಳೆ ಬೇಯಿಸಿ ಹಾಕಿದ್ರೆ ಸಾಂಬಾರು ಸರಿ ಆಗ್ತದೆ," ಎಂದ ಚೆನ್ನಯ. "ನೀನು ಮೊದಲು ಕೂತ್ಕೊ."

ಗಡಿಯಾರದಲ್ಲಿ ಹನ್ನೊಂದೂವರೆ. ಊಟದ ಬಿಲ್ ಹಿಡಿದ ಮೂವರು ಗಿರಾಕಿಗಳು ಗಲ್ಲೆಯ ಮುಂದೆ ನನ್ನನ್ನು ಹುಡುಕುತ್ತಿದ್ದರು. ನಾನು ಕೂತೆ.